ತೈಲಚೌರ್ಯವೂ ಶಂಕೆಯೂ

ಕಳವೆಂಬುದು ಮನುಷ್ಯನಷ್ಟೇ ಪುರಾತನವಾದುದು. ಕಳುವಾಗುವ ವಸ್ತುಗಳು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ನಮ್ಮ ತಾತಂದಿರ ಕಾಲದಲ್ಲಿ ಹಿತ್ತಲಿನ ತೆಂಗಿನಕಾಯಿ, ಕೊಟ್ಟಿಗೆಯ ಹಗ್ಗ, ಬಾವಿಕಟ್ಟೆಯ ಮೇಲೆ ಮರೆತುಬಿಟ್ಟ ತಾಮ್ರದ ಬಿಂದಿಗೆ ಇವು ಕಳುವಾಗುತ್ತಿದ್ದುವು. ನಮ್ಮ ತಂದೆಯವರ ಕಾಲದಲ್ಲಿ ಸೈಕಲ್ಲಿನ ದೀಪವೂ ಗಾಳಿಹೊಡೆಯುವ ಪಂಪೂ ಆ ಪಟ್ಟಿಗೆ ಸೇರಿದುವು. ನಮ್ಮ ಕಾಲಕ್ಕೆ ಬಂದ ಕಳವಾದರೋ ಬಹು ಸೂಕ್ಷ್ಮವಾದುದು. ರಾತ್ರಿ ಮನೆಯ ಮುಂದೆ ನಿಲ್ಲಿಸಿದ ವಾಹನವು ಬೆಳಿಗ್ಗೆ ಅಲ್ಲಿಯೇ ಇರುತ್ತದೆ; ಅದರ ಬೀಗವು ಭದ್ರವಾಗಿರುತ್ತದೆ; ಗೀರು ಕೂಡ ಬಿದ್ದಿರುವುದಿಲ್ಲ. ಆದರೆ ಯಜಮಾನನು ಕಚೇರಿಗೆ ಹೊರಟು ಕಿಕ್ಕರಿಗೆ ಕಾಲಿಟ್ಟಾಗ ಗಾಡಿಯು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ದೇಹವಿದೆ, ಪ್ರಾಣವಿಲ್ಲ. ಪೆಟ್ರೋಲನ್ನು ಯಾರೋ ರಾತ್ರಿಯಲ್ಲಿ ಇಳಿಸಿಕೊಂಡು ಹೋಗಿದ್ದಾರೆ.

ಕಾವ್ಯಮೀಮಾಂಸೆಗೂ ಜಿಲ್ಲೆಯ ಶಿಲಾಶಾಸನಗಳಿಗೂ ಮೀಸಲಾದ ಈ ಮಾಸಪತ್ರಿಕೆಯಲ್ಲಿ ಪೆಟ್ರೋಲಿನ ವಾಸನೆ ಏತಕ್ಕೆ ಎಂದು ವಾಚಕಮಹಾಶಯರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ವಿಷಯವು ಅಲ್ಪವೆಂಬುದನ್ನು ನಾನು ಒಪ್ಪುತ್ತೇನೆ. ಕಳುವಾಗುವುದು ಲೀಟರೋ ಎರಡು ಲೀಟರೋ. ಆದರೆ ಆ ಒಂದು ಲೀಟರಿನ ಹಿಂದೆ ಒಂದು ಬೀದಿಯ ನೆರೆಹೊರೆಯೆಲ್ಲ ಸೋರಿಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಬರೆದಿಡುವುದು ಲೋಕೋಪಯೋಗಿಯೆಂದು ತೋರಿದುದರಿಂದ ಈ ಪ್ರಯತ್ನ.

ಮೊದಲು ಈ ಕಳವಿನ ಸ್ವರೂಪವನ್ನು ತಿಳಿಯೋಣ. ರೋಗದ ನಿದಾನವಿಲ್ಲದೆ ಚಿಕಿತ್ಸೆಯಿಲ್ಲ. ಪೆಟ್ರೋಲಿನ ಬೆಲೆಯನ್ನು ಗೊತ್ತುಮಾಡುವ ಅಧಿಕಾರವನ್ನು 2010ರಲ್ಲಿ ಸರ್ಕಾರವು ತೈಲ ಕಂಪನಿಗಳಿಗೆ ಬಿಟ್ಟುಕೊಟ್ಟಿತು, ಡೀಸೆಲ್ಲಿನದನ್ನು 2014ರಲ್ಲಿ. 2017ರ ಜೂನ್ ತಿಂಗಳಿಂದ ದರವು ದಿನದಿನವೂ ಪರಿಷ್ಕೃತವಾಗತೊಡಗಿತು. 2021ರಲ್ಲಿ ನಮ್ಮ ರಾಜ್ಯದಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿಯ ಗಡಿಯನ್ನು ದಾಟಿತು. ಹಾಲಿಗಿಂತ ಬೆಲೆಬಾಳುವ ದ್ರವವೊಂದನ್ನು ನಾವು ಬೀದಿಯಲ್ಲಿ, ಕತ್ತಲೆಯಲ್ಲಿ, ಕಾವಲಿಲ್ಲದೆ ಇರಿಸಿ ಮಲಗುತ್ತೇವೆ. ಹಾಲಿನ ಪಾತ್ರೆಯನ್ನು ಹಾಗೆ ಇಡುವ ಗೃಹಿಣಿಯು ಯಾವ ಮನೆಯಲ್ಲಿಯೂ ಇಲ್ಲ.

ಹಳೆಯ ಮಾದರಿಯ ಮೋಟಾರುಸೈಕಲ್ಲುಗಳಲ್ಲಿ ಪೆಟ್ರೋಲಿನ ಟ್ಯಾಂಕು ಮೇಲೆ, ಕಾರ್ಬ್ಯುರೇಟರು ಕೆಳಗೆ. ನಡುವೆ ಒಂದು ಪುಟ್ಟ ನಲ್ಲಿ. ಮೆಕ್ಯಾನಿಕರು ಇದನ್ನು ಪೆಟ್ರೋಲ್ ಕಾಕು ಎನ್ನುತ್ತಾರೆ. ನಲ್ಲಿಯಿಂದ ಇಳಿಯುವುದು ಗೇಣುದ್ದವೂ ಇಲ್ಲದ ರಬ್ಬರಿನ ಪೈಪು. ಅದನ್ನು ಹಿಡಿದಿರುವುದು ತಂತಿಯ ಒಂದು ಕ್ಲಿಪ್ಪು. ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿಯುವುದರಿಂದ ಪೈಪು ಕಳಚಿದರೆ ಸಾಕು, ಮಿಕ್ಕ ಕೆಲಸವನ್ನು ಭೂಮಿಯ ಆಕರ್ಷಣೆಯೇ ಮಾಡಿಬಿಡುತ್ತದೆ. ಟ್ಯಾಂಕಿನ ಮುಚ್ಚಳಕ್ಕೆ ಬೀಗವಿದೆಯೆಂಬ ನಮ್ಮ ನೆಮ್ಮದಿಯು, ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟವನ ನೆಮ್ಮದಿಯಂತಹುದು.

2020ರ ಏಪ್ರಿಲ್ ಒಂದರಿಂದ ಭಾರತ್ ಸ್ಟೇಜ್ ಆರು ಎಂಬ ಹೊಗೆಯ ನಿಯಮವು ಜಾರಿಗೆ ಬಂದ ಮೇಲೆ ತಯಾರಾದ ಗಾಡಿಗಳಲ್ಲಿ ಬಹುಮಟ್ಟಿಗೆ ಈ ನಲ್ಲಿ ಇಲ್ಲ. ಅವುಗಳಲ್ಲಿ ಟ್ಯಾಂಕಿನೊಳಗೇ ಒಂದು ವಿದ್ಯುತ್ ಪಂಪು ಇರುತ್ತದೆ. ಬೀಗದ ಕೈ ತಿರುಗಿದ ಹೊರತು ಅದು ಪೆಟ್ರೋಲನ್ನು ಹೊರಕ್ಕೆ ತಳ್ಳುವುದಿಲ್ಲ. ಹೊಗೆಯನ್ನು ತಡೆಯಲು ಬಂದ ನಿಯಮವು ಕಳ್ಳನನ್ನೂ ಅಷ್ಟಿಷ್ಟು ತಡೆದುದು ಒಂದು ಅನಿರೀಕ್ಷಿತ ಲಾಭ. ಆದರೆ ಜಿಲ್ಲಾ ಸ್ಥಳಗಳಲ್ಲಿ ಹಳೆಯ ಗಾಡಿಗಳು ಬಹುಕಾಲ ಬಾಳುತ್ತವೆ. ನನ್ನದೂ ಅಂತಹುದೇ, ನಿವೃತ್ತನಾದ ಯಜಮಾನನಿಗೆ ತಕ್ಕ ವಾಹನ.

ಇನ್ನು ನಮ್ಮ ಬೀದಿಯ ಕಥೆ. 2022ನೆಯ ಇಸವಿಯ ಮಳೆಗಾಲದಲ್ಲಿ, ಸುಮಾರು ಮೂರು ವಾರಗಳ ಅವಧಿಯಲ್ಲಿ, ನಾಲ್ಕು ಮನೆಗಳವರು ತಮ್ಮ ಗಾಡಿಯ ಪೆಟ್ರೋಲು ಕಳುವಾಯಿತೆಂದು ಹೇಳಿದರು. ಎದುರು ಮನೆಯ ಎಂಜಿನಿಯರರ ಗಾಡಿಯ ಪೈಪು ಕಳಚಿ ನೇತಾಡುತ್ತಿದ್ದುದನ್ನು ನಾನೇ ನೋಡಿದೆನು. ಒಂದು ಭಾನುವಾರ ಸಾಯಂಕಾಲ ಮೂಲೆಮನೆಯ ಜಗಲಿಯ ಮೇಲೆ ಐದಾರು ಜನ ಸೇರಿದರು. ಸಭೆಯು ಸೇರುವ ಮೊದಲೇ ತೀರ್ಪು ಸಿದ್ಧವಾಗಿತ್ತು. ಬೆಳಗಿನ ಜಾವ ಬೈಸಿಕಲ್ಲಿನಲ್ಲಿ ಬಂದು ಪತ್ರಿಕೆ ಹಂಚುವ ಹುಡುಗನೇ ಅಪರಾಧಿ!

“ಮೇಷ್ಟ್ರೇ, ಐದು ಗಂಟೆಗೆ ಈ ಬೀದಿಯಲ್ಲಿ ಓಡಾಡುವವನು ಇನ್ನು ಯಾರಿದ್ದಾನೆ, ನೀವೇ ಹೇಳಿ” ಎಂದರು ಮೂಲೆಮನೆಯ ಬ್ಯಾಂಕಿನವರು.

“ಐದು ಗಂಟೆಗೆ ಬುಟ್ಟಿ ಹಿಡಿದುಕೊಂಡು ಹೂ ಕೊಯ್ಯುವುದಕ್ಕೆ ನಾನೂ ಓಡಾಡುತ್ತೇನಲ್ಲ, ರಾಯರೇ” ಎಂದೆನು.

ಎಲ್ಲರೂ ನಕ್ಕರು. “ಅಯ್ಯೋ, ನೀವೇ! ಎಂತಹ ಮಾತು!” ಎಂದರು.

ಅವರು ನಕ್ಕುದು ನನ್ನ ಮೇಲಣ ಗೌರವದಿಂದಲೇ, ಅದರಲ್ಲಿ ಸಂದೇಹವಿಲ್ಲ. ಆದರೂ ಆ ನಗೆಯು ಬಹುದಿನ ನನ್ನನ್ನು ಕೊರೆಯಿತು. ಅದೇ ವೇಳೆ, ಅದೇ ಬೀದಿ, ಅದೇ ಕತ್ತಲೆ. ಹುಡುಗನ ವಿಷಯದಲ್ಲಿ ಅದು ಸಾಕ್ಷ್ಯವಾಯಿತು, ನನ್ನ ವಿಷಯದಲ್ಲಿ ಹಾಸ್ಯವಾಯಿತು. ನಮ್ಮಿಬ್ಬರಲ್ಲಿ ಇದ್ದ ಭೇದವಾದರೂ ಏನು? ನನಗೆ ಪಿಂಚಣಿ ಬರುತ್ತದೆ, ಅವನಿಗೆ ಬರುವುದಿಲ್ಲ. ಅಷ್ಟೆ.

ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆ ಹೇತ್ವಾಭಾಸವೆಂಬ ಪ್ರಕರಣವು ನೆನಪಿರಬಹುದು. ನೋಡುವುದಕ್ಕೆ ಕಾರಣದಂತೆ ತೋರುವ, ಆದರೆ ಕಾರಣವಲ್ಲದ ಹೇತುವು ಹೇತ್ವಾಭಾಸ. ಸಾಧ್ಯವು ಇರುವ ಕಡೆಯಲ್ಲಿಯೂ ಇಲ್ಲದ ಕಡೆಯಲ್ಲಿಯೂ ಒಂದೇ ಸಮನಾಗಿ ಕಾಣಿಸಿಕೊಳ್ಳುವ ಹೇತುವಿಗೆ ಸವ್ಯಭಿಚಾರವೆಂದು ಹೆಸರು. ಬೆಳಗಿನ ಜಾವದಲ್ಲಿ ಓಡಾಡುವುದು ಅಂತಹ ಹೇತು. ಕಳ್ಳನೂ ಓಡಾಡುತ್ತಾನೆ, ಹಾಲಿನವನೂ ಓಡಾಡುತ್ತಾನೆ, ಹೂ ಕೊಯ್ಯುವ ಮುದುಕನೂ ಓಡಾಡುತ್ತಾನೆ. ಅಷ್ಟೇ ಅಲ್ಲ, ‘ಪೆಟ್ರೋಲು ಕಡಿಮೆಯಾಯಿತು, ಆದುದರಿಂದ ಕಳ್ಳನು ಬಂದನು’ ಎಂಬುದು ಕೂಡ ಸವ್ಯಭಿಚಾರವೇ. ಕಳ್ಳನಿಲ್ಲದೆಯೂ ಪೆಟ್ರೋಲು ಕಡಿಮೆಯಾಗುತ್ತದೆ.

ಇದು ಬರಿಯ ಪಂಡಿತವಾದವಲ್ಲವೆಂಬುದು ಮರುವಾರವೇ ಗೊತ್ತಾಯಿತು. ಬ್ಯಾಂಕಿನವರು ತಮ್ಮ ಗಾಡಿಯನ್ನು ಬೇರಾವುದೋ ರಿಪೇರಿಗೆಂದು ಕೊಟ್ಟಾಗ, ಅದರ ಕಾರ್ಬ್ಯುರೇಟರಿನೊಳಗಣ ಮುಳ್ಳು ಸವೆದು ಸರಿಯಾಗಿ ಕೂರುತ್ತಿಲ್ಲವೆಂದು ಮೆಕ್ಯಾನಿಕನು ಹೇಳಿದನು. ಆ ಮುಳ್ಳು ಮುಚ್ಚಿಕೊಳ್ಳದಿದ್ದರೆ, ನಲ್ಲಿಯನ್ನು ತೆರೆದಿಟ್ಟ ಗಾಡಿಯಲ್ಲಿ ಹೆಚ್ಚಾದ ಪೆಟ್ರೋಲು ಕೆಳಗಿನ ಸಣ್ಣ ನಳಿಕೆಯಿಂದ ರಾತ್ರಿಯೆಲ್ಲ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಬೆಳಗಾಗುವುದರೊಳಗೆ ಆವಿಯಾಗಿ ಹೋಗುತ್ತದೆ. ಮಳೆಯ ನೆಲದ ಮೇಲೆ ಅದರ ಗುರುತೂ ಉಳಿದಿರಲಿಲ್ಲ. ಅವರ ಮನೆಯ ಕಳ್ಳನು ಒಂದು ಸವೆದ ಮುಳ್ಳು!

ಎಂಜಿನಿಯರರ ಮನೆಯ ಕಳವು ಮಾತ್ರ ನಿಜವಾದುದೇ. ಆದರೆ ಜಗಲಿಯ ತೀರ್ಪಿನ ಸುದ್ದಿಯು ಹುಡುಗನ ಕಿವಿಗೆ ಬಿದ್ದು, ಅವನು ನಮ್ಮ ಬೀದಿಗೆ ಬರುವುದನ್ನು ಬಿಟ್ಟ ಎರಡು ವಾರಗಳ ಮೇಲೆ, ಅದೇ ಮನೆಯಲ್ಲಿ ಅದೇ ರೀತಿಯಲ್ಲಿ ಮತ್ತೊಮ್ಮೆ ಪೈಪು ಕಳಚಿತು. ಇದಕ್ಕಿಂತ ಸ್ಪಷ್ಟವಾದ ಬಿಡುಗಡೆ ಯಾವ ನ್ಯಾಯಾಲಯದಲ್ಲಿ ದೊರೆತೀತು? ಅಪವಾದವನ್ನು ಹೇಳುವುದಕ್ಕೆ ಹತ್ತು ಬಾಯಿಗಳಿದ್ದುವು. ಅದನ್ನು ಹಿಂತೆಗೆದುಕೊಳ್ಳುವುದಕ್ಕೆ ಒಂದು ಬಾಯಿ ಸಾಕಾಗಿತ್ತು, ಅದೊಂದೂ ತೆರೆಯಲಿಲ್ಲ. “ಹೌದಂತೆ, ಅವನಲ್ಲವಂತೆ” ಎಂದು ಗೇಟಿನ ಬಳಿ ಮೆಲ್ಲಗೆ ಆಡಿಕೊಂಡರು, ಅಲ್ಲಿಗೆ ಮುಗಿಯಿತು.

ನಾನು ಹುಡುಗನ ಮನೆಯನ್ನು ಹುಡುಕಿಕೊಂಡು ಹೋದೆನು. ಅವನಿರಲಿಲ್ಲ, ತಾಯಿಯು ಬಾಗಿಲಿನಲ್ಲಿ ನಿಂತು ಮಾತನಾಡಿದಳು. ನಡೆದುದನ್ನು ತಿಳಿಸಿ, ಅವನ ಮೇಲಿನ ಮಾತು ಸುಳ್ಳೆಂದು ಎಲ್ಲರಿಗೂ ತಿಳಿದಿದೆ, ಮತ್ತೆ ಬರಹೇಳಮ್ಮಾ ಎಂದೆನು.

“ನೀವು ಬಂದ್ರಲ್ಲ, ಅಷ್ಟೇ ದೊಡ್ಡದು ಮೇಷ್ಟ್ರೇ” ಎಂದಳು. “ಅವನು ಆ ಬೀದಿಗೆ ಇನ್ನು ಬರಾಕಿಲ್ಲ. ನಮ್ಮನೇಲಿ ಇರೋದು ಒಂದು ಸೈಕಲ್ಲು. ಪೆಟ್ರೋಲು ಕದ್ದು ಯಾವುದಕ್ಕೆ ಹಾಕಾನ? ಅಷ್ಟಾದ್ರೂ ಯೋಚ್ನೆ ಮಾಡ್ಬಾರ್ದಿತ್ತಾ ಅವರು?”

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಬೇರೆ ಬಡಾವಣೆಯಲ್ಲಿ ಪತ್ರಿಕೆ ಹಂಚತೊಡಗಿದನು. ನಮ್ಮ ಬೀದಿಗೆ ಆ ಹೊತ್ತಿನಲ್ಲಿ ಬರುವುದಕ್ಕೆ ಮತ್ತಾವ ಹುಡುಗನೂ ಒಪ್ಪಲಿಲ್ಲ. ಅಂದಿನಿಂದ ನಾವೆಲ್ಲರೂ ಪತ್ರಿಕೆಗಾಗಿ ಬಸ್ ನಿಲ್ದಾಣದವರೆಗೆ ನಡೆಯುತ್ತೇವೆ.

ಶೂದ್ರಕನ ಮೃಚ್ಛಕಟಿಕವನ್ನು ನಾನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯುತ್ತಾನೆ. ಕನ್ನದ ಆಕಾರ ಯಾವುದಿರಬೇಕೆಂದು ಶಾಸ್ತ್ರವಿಚಾರಮಾಡಿ, ಜನಿವಾರವನ್ನೇ ಅಳತೆಯ ದಾರವನ್ನಾಗಿ ಮಾಡಿಕೊಂಡು, ಪೂರ್ಣಕುಂಭದ ಆಕೃತಿಯಲ್ಲಿ ಗೋಡೆಯನ್ನು ಕೊರೆಯುವ ಆ ಕಳ್ಳನ ವೈಖರಿಗೆ ಹುಡುಗರು ಪ್ರತಿವರ್ಷವೂ ನಗುತ್ತಿದ್ದರು. ಅವನೆದುರಿಗೆ ರಬ್ಬರು ಪೈಪನ್ನು ಕಿತ್ತು ಬಾಟಲಿ ಒಡ್ಡುವ ಇಂದಿನ ಕಳ್ಳನು ಕೇವಲ ಅರಸಿಕನು. ಆದರೆ ಆ ಅಂಕದ ಸಾರವಿರುವುದು ಕಳ್ಳನ ಚಮತ್ಕಾರದಲ್ಲಲ್ಲ. ನ್ಯಾಸವಾಗಿ ಬಂದಿದ್ದ ವಸಂತಸೇನೆಯ ಒಡವೆಗಳು ಹೋದುವೆಂದು ತಿಳಿದಾಗ ಚಾರುದತ್ತನನ್ನು ಬಾಧಿಸುವ ಚಿಂತೆಯು ಬೇರೆ. ತಾನು ಬಡವನಾದುದರಿಂದ ಕಳವಿನ ಮಾತನ್ನು ಯಾರೂ ನಂಬದೆ ತನ್ನನ್ನೇ ಶಂಕಿಸುವರಲ್ಲಾ ಎಂಬುದು. ಶಂಕೆಯು ನೀರಿನಂತೆ ತಗ್ಗಿನ ಕಡೆಗೇ ಹರಿಯುತ್ತದೆಂಬುದನ್ನು ಶೂದ್ರಕನು ಬಲ್ಲವನಾಗಿದ್ದನು. ನಮ್ಮ ಬೀದಿಯಲ್ಲಿ ತಗ್ಗಿನಲ್ಲಿದ್ದವನು ಆ ಹುಡುಗ.

ಇದರಿಂದ ನನಗೆ ಒಂದು ವಿಷಯವು ಮನದಟ್ಟಾಯಿತು. ಬೀಗವನ್ನು ನಾವು ಕಳ್ಳನಿಗೋಸ್ಕರ ಹಾಕುತ್ತೇವೆಂದು ತಿಳಿದಿದ್ದೇವೆ. ಅದು ಅರ್ಧ ಮಾತ್ರ ಸತ್ಯ. ಬೀಗವು ಕಳ್ಳನಲ್ಲದವನಿಗೋಸ್ಕರವೂ ಹೌದು. ಭದ್ರವಾಗಿಟ್ಟ ವಸ್ತುವಿನ ಸುತ್ತ ಶಂಕೆ ಹುಟ್ಟುವುದಿಲ್ಲ. ಶಂಕೆ ಹುಟ್ಟದಿದ್ದರೆ ನಿರಪರಾಧಿಗೆ ಅಪವಾದವಿಲ್ಲ. ಇನ್ನೂರು ಮುನ್ನೂರು ರೂಪಾಯಿಯ ಉಪಾಯದಿಂದ ಇನ್ನೊಬ್ಬರ ಮಾನವನ್ನು ಉಳಿಸಬಹುದಾದರೆ ಅದು ಗೃಹಸ್ಥನ ಕರ್ತವ್ಯವೇ ಆಗುತ್ತದೆ. ಆ ದೃಷ್ಟಿಯಿಂದ, ಮೆಕ್ಯಾನಿಕರಿಂದ ಕೇಳಿಯೂ ಸ್ವತಃ ಮಾಡಿನೋಡಿಯೂ ತಿಳಿದ ಕೆಲವು ಉಪಾಯಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಪರೀಕ್ಷೆ. ಪೆಟ್ರೋಲು ಕಡಿಮೆಯಾಯಿತೆಂದು ತೋರಿದೊಡನೆ ಬೀದಿಯನ್ನು ನೋಡಬೇಡಿ, ಗಾಡಿಯನ್ನು ನೋಡಿರಿ. ಪೈಪು ಬಿರಿದಿದೆಯೆ, ಕ್ಲಿಪ್ಪು ಸಡಿಲವಾಗಿದೆಯೆ, ನೆಲದಲ್ಲಿ ಕಲೆಯಿದೆಯೆ, ವಾಸನೆಯಿದೆಯೆ ಎಂಬುದನ್ನು ವಿಚಾರಿಸಿರಿ. ಟ್ಯಾಂಕಿನ ಮಟ್ಟವನ್ನು ತೋರಿಸುವ ಮುಳ್ಳನ್ನು ಪೂರ್ತಿ ನಂಬುವಂತಿಲ್ಲ. ಗಾಡಿಯು ಪಕ್ಕದ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತಾಗ ಒಂದು ಲೆಕ್ಕ, ನೆಟ್ಟಗೆ ನಿಂತಾಗ ಇನ್ನೊಂದು ಲೆಕ್ಕ ತೋರಿಸುತ್ತದೆ. ಪೆಟ್ರೋಲು ಹಾಕಿಸಿದ ದಿನ, ಎಷ್ಟು ಲೀಟರು, ಆಗ ಓಡಿದ ಕಿಲೋಮೀಟರು ಎಷ್ಟು ಎಂಬುದನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಆ ಲೆಕ್ಕವು ಯಾರ ಮೇಲೂ ದ್ವೇಷವಿಲ್ಲದೆ ಸಾಕ್ಷ್ಯ ಹೇಳುತ್ತದೆ. ರಾತ್ರಿ ಸೋರಿಕೆಯನ್ನು ನೋಡಲು ಕಡ್ಡಿ ಗೀರುವವರಿದ್ದಾರೆ. ಅಂತಹ ಅವಿವೇಕವು ಮತ್ತೊಂದಿಲ್ಲ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು; ನೆಲದ ಮೇಲೆ ತೆವಳಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಿಮಗಡ್ಡೆಯ ಶೈತ್ಯದಲ್ಲಿಯೂ ಅದಕ್ಕೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ.

ಎರಡನೆಯದು ಗಾಡಿಯನ್ನು ನಿಲ್ಲಿಸುವ ಸ್ಥಾನ. ಗೇಟಿನೊಳಗೆ ಒಂದು ಗಾಡಿಯಷ್ಟು ಸ್ಥಳವಿದ್ದರೂ ಹೊರಗೆ ನಿಲ್ಲಿಸುವ ಸೋಮಾರಿತನವನ್ನು ಬಿಡಬೇಕು. ನಲ್ಲಿಯಿರುವ ಪಾರ್ಶ್ವವನ್ನು ಗೋಡೆಯ ಕಡೆಗೆ, ಕೈ ತೂರದಷ್ಟು ಸಮೀಪಕ್ಕೆ ನಿಲ್ಲಿಸಿದರೆ ಕಳ್ಳನ ಕೆಲಸವು ಹತ್ತುಪಟ್ಟು ಕಷ್ಟವಾಗುತ್ತದೆ. ಎರಡು ಗಾಡಿಗಳಿದ್ದರೆ ಒಂದಕ್ಕೊಂದು ಒತ್ತಿ ನಿಲ್ಲಿಸಿ ಸರಪಣಿಯಿಂದ ಬಿಗಿಯಬಹುದು. ಮನುಷ್ಯನು ಸಮೀಪಿಸಿದೊಡನೆ ತಾನಾಗಿ ಹತ್ತಿಕೊಳ್ಳುವ ದೀಪಗಳು ಈಗ ಅಗ್ಗವಾಗಿ ದೊರೆಯುತ್ತವೆ. ಇಂತಹ ಕಳವಿಗೆ ಬೇಕಾದುದು ಕತ್ತಲೆ ಮತ್ತು ಕೆಲವು ನಿಮಿಷಗಳ ಅವಕಾಶ. ಎರಡರಲ್ಲಿ ಒಂದನ್ನು ಕಿತ್ತುಕೊಂಡರೆ ಸಾಕು.

ಮೂರನೆಯದು ಬೀಗ. ಹಳೆಯ ಗಾಡಿಗಳ ನಲ್ಲಿಯನ್ನು ತೆಗೆದು ಅದರ ಸ್ಥಾನದಲ್ಲಿ ಕೀಲಿಯಿರುವ ನಲ್ಲಿಯನ್ನು ಹಾಕಿಸಬಹುದು. ಬಿಡಿಭಾಗಗಳ ಅಂಗಡಿಯಲ್ಲಿ ವಿಚಾರಿಸಿರಿ. ಕೀಲಿ ತೆಗೆದ ಮೇಲೆ ಪೈಪನ್ನು ಕಿತ್ತರೂ ಪೆಟ್ರೋಲು ಇಳಿಯುವುದಿಲ್ಲ. ಇಂತಹುದು ಸಿಕ್ಕದಿದ್ದರೆ ತಂತಿಯ ಕ್ಲಿಪ್ಪಿಗೆ ಬದಲಾಗಿ ತಿರುಪಿನಿಂದ ಬಿಗಿಯುವ ಉಕ್ಕಿನ ಪಟ್ಟಿಯನ್ನು ಹಾಕಿಸಿ. ಚಾಕುವಿನವನನ್ನು ಅದು ತಡೆಯದು, ಬರಿಗೈಯವನನ್ನು ತಡೆಯುತ್ತದೆ. ಸಾಮಾನ್ಯ ನಲ್ಲಿಯನ್ನು ರಾತ್ರಿ ಮುಚ್ಚಿಡುವುದರಿಂದ ಕಳವು ನಿಲ್ಲದು, ಏಕೆಂದರೆ ಅದನ್ನು ಕಳ್ಳನೂ ತೆರೆಯಬಲ್ಲನು. ಆದರೆ ಬ್ಯಾಂಕಿನವರ ಮನೆಯಂತಹ ಸೋರಿಕೆಯು ನಿಲ್ಲುತ್ತದೆ.

ಕಾರುಗಳಲ್ಲಿ ಪೆಟ್ರೋಲಿನ ಬಾಯಿಯನ್ನು ಮುಚ್ಚಿರುವ ಹೊರಗಣ ರೆಕ್ಕೆಯು ಎಷ್ಟೋ ಮಾದರಿಗಳಲ್ಲಿ ಒಳಗಣ ಒಂದು ಹಿಡಿಯಿಂದ ತೆರೆಯುತ್ತದೆ; ಆದುದರಿಂದ ಬಾಗಿಲುಗಳ ಬೀಗವೇ ಪೆಟ್ರೋಲಿನ ಬೀಗ. ಟ್ರ್ಯಾಕ್ಟರು ಲಾರಿಗಳದು ದೊಡ್ಡ ಟ್ಯಾಂಕು, ದೊಡ್ಡ ನಷ್ಟ. ಪೈಪಿನ ಒಂದು ತುದಿ ಟ್ಯಾಂಕಿನಲ್ಲಿ, ಇನ್ನೊಂದು ತುದಿ ಅದರ ಮಟ್ಟಕ್ಕಿಂತ ಕೆಳಗೆ. ಒಮ್ಮೆ ಹರಿವು ಹಿಡಿದರೆ ಡೀಸೆಲ್ಲು ತಾನೇ ಹರಿದುಬರುತ್ತದೆ. ಮುಚ್ಚಳಕ್ಕೆ ಬೀಗವನ್ನೂ, ಬಾಯಿಯೊಳಗೆ ಪೈಪು ಇಳಿಯದಂತೆ ಲೋಹದ ಜಾಲರಿಯನ್ನೂ ಹಾಕಿಸುವುದು ಇದಕ್ಕೆ ಪರಿಹಾರ. ಹಳ್ಳಿಗಳಲ್ಲಿ ಜಮೀನಿನ ಬಳಿಯೇ ಟ್ರ್ಯಾಕ್ಟರನ್ನು ಬಿಟ್ಟುಬರುವ ರೈತಬಾಂಧವರು ಇದನ್ನು ಅವಶ್ಯವಾಗಿ ಗಮನಿಸಬೇಕು.

ಕಳವಿನ ಭಯದಿಂದ ಕೆಲವರು ಪ್ರತಿರಾತ್ರಿಯೂ ಪೆಟ್ರೋಲನ್ನು ತಾವೇ ಇಳಿಸಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಅಡಿಗೆಮನೆಯ ಮೂಲೆಯಲ್ಲಿಡುತ್ತಾರೆ. ಇದು ಹಾವಿಗೆ ಹೆದರಿ ಹುಲಿಯ ಗುಹೆಯನ್ನು ಹೊಕ್ಕಂತೆ. 1934ರ ಪೆಟ್ರೋಲಿಯಂ ಕಾಯಿದೆಯು ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರಿನವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಲು ಅವಕಾಶವೀಯುತ್ತದೆ ನಿಜ; ಆದರೆ ಭದ್ರವಾಗಿ ಮುಚ್ಚಿದ ಗಾಜಿನ, ಪಿಂಗಾಣಿಯ ಅಥವಾ ಲೋಹದ ಪಾತ್ರೆಯಲ್ಲಿರಬೇಕೆಂದೂ, ಗಾಜಿನದಾದರೆ ಒಂದು ಲೀಟರಿಗೆ ಮೀರಬಾರದೆಂದೂ ಅದೇ ಕಾಯಿದೆಯು ವಿಧಿಸುತ್ತದೆ. ಒಲೆಯಿರುವ ಮನೆಯೊಳಗೆ ಅದನ್ನು ತರದಿರುವುದೇ ಲೇಸು. ಟ್ಯಾಂಕಿನಲ್ಲಿ ಎರಡು ಮೂರು ದಿನಕ್ಕೆ ಸಾಲುವಷ್ಟನ್ನೇ ಹಾಕಿಸಿಕೊಳ್ಳುವುದು ಇದಕ್ಕಿಂತ ಸುರಕ್ಷಿತವಾದ ಮಾರ್ಗ.

ಇಷ್ಟಾದ ಮೇಲೆ ಕಳ್ಳನು ನಿಜವಾಗಿಯೇ ಕೈಗೆ ಸಿಕ್ಕಿದರೆ? ಪ್ರಾಯಶಃ ಅವನೊಬ್ಬ ಎಳೆಯ ಹುಡುಗನಾಗಿರಬಹುದು. ಕಂಬಕ್ಕೆ ಕಟ್ಟಿ ಬಡಿಯುವ ಶೌರ್ಯವು ನಮಗೆ ಬೇಡ. ಅದು ಕಳವಿಗಿಂತ ದೊಡ್ಡ ಅಪರಾಧ. ಅವನು ಬಾಯಿಯಿಂದ ಪೈಪನ್ನು ಹೀರಿ ಪೆಟ್ರೋಲು ಕುಡಿದಿದ್ದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು. ವಾಂತಿಮಾಡಿಸಕೂಡದು, ಪೆಟ್ರೋಲು ಹೊಟ್ಟೆಯಲ್ಲಿರುವುದಕ್ಕಿಂತ ಶ್ವಾಸಕೋಶಕ್ಕೆ ಇಳಿದರೆ ಹೆಚ್ಚು ಅಪಾಯಕರ. ಆಮೇಲೆ ಪೊಲೀಸರಿಗೆ ಒಪ್ಪಿಸಿರಿ. 2024ರ ಜುಲೈ ಒಂದರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಪ್ರಕರಣವು ಸಾಮಾನ್ಯ ಕಳವಿಗೆ ಮೂರು ವರ್ಷದವರೆಗಿನ ಸೆರೆಯನ್ನು ವಿಧಿಸುತ್ತದೆ. ಅದರಲ್ಲಿ ಒಂದು ಹೊಸ ವಿಷಯವಿದೆ: ಕಳುವಾದುದರ ಬೆಲೆ 5000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಯು ಮೊದಲ ಸಲ ಶಿಕ್ಷೆಗೊಳಗಾಗುತ್ತಿದ್ದು, ವಸ್ತುವನ್ನೋ ಬೆಲೆಯನ್ನೋ ಹಿಂತಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಮೂವತ್ತು ವರ್ಷ ಹುಡುಗರ ನಡುವೆ ಬಾಳಿದ ನನಗೆ ಈ ವಿಧಿಯು ಬಹು ಮೆಚ್ಚಿಕೆಯಾಯಿತು. ಒಂದು ಲೀಟರು ಪೆಟ್ರೋಲು ಕದ್ದವನು ಸೆರೆಮನೆಯಲ್ಲಿ ದೊಡ್ಡ ಕಳ್ಳರ ಶಿಷ್ಯನಾಗುವುದಕ್ಕಿಂತ ಹತ್ತು ದಿನ ಆಸ್ಪತ್ರೆಯ ಅಂಗಳವನ್ನು ಗುಡಿಸುವುದು ಅವನಿಗೂ ಊರಿಗೂ ಹಿತ.

ನಮ್ಮ ಬೀದಿಯಲ್ಲಿ ಈಗ ಎಂಜಿನಿಯರರು ಗೇಟಿನೊಳಗೆ ಗಾಡಿ ನಿಲ್ಲಿಸುತ್ತಾರೆ. ದೀಪವನ್ನೂ ಕ್ಯಾಮರಾವನ್ನೂ ಹಾಕಿಸಿದ್ದಾರೆ. ಕ್ಯಾಮರಾದ ಕಣ್ಣು ಎದುರುಮನೆಯ ಬಾಗಿಲನ್ನು ನೋಡದೆ ತಮ್ಮ ಗಾಡಿಯನ್ನು ಮಾತ್ರ ನೋಡುವಂತೆ ತಿರುಗಿಸಿರೆಂದು ನಾನು ಹೇಳಿದೆನು. ಅವರು ಮರುಮಾತಿಲ್ಲದೆ ತಿರುಗಿಸಿದರು. ಬ್ಯಾಂಕಿನವರು ಮುಳ್ಳನ್ನು ಬದಲಾಯಿಸಿದ್ದಾರೆ. ನನ್ನ ಗಾಡಿಯ ಟ್ಯಾಂಕಿಗೆ ಕೀಲಿಯ ನಲ್ಲಿ ಬಂದಿದೆ. ಅಲ್ಲಿಂದೀಚೆಗೆ ಪೆಟ್ರೋಲು ಕಳುವಾದ ಮಾತು ಕೇಳಿಬಂದಿಲ್ಲ. ನಿಜವಾದ ಕಳ್ಳನು ಯಾರೆಂಬುದು ಇಂದಿಗೂ ಗೊತ್ತಾಗಲಿಲ್ಲ. ಗೊತ್ತಾಗಬೇಕೆಂಬ ಕುತೂಹಲವೂ ಯಾರಿಗೂ ಉಳಿದಿಲ್ಲ.

ಪೆಟ್ರೋಲಿಲ್ಲದ ವಿದ್ಯುತ್ ವಾಹನಗಳು ಬೀದಿಗೆ ಬರುತ್ತಿವೆ. ಬಹುಶಃ ನಮ್ಮ ಮೊಮ್ಮಕ್ಕಳು ಈ ಕಳವಿನ ಹೆಸರನ್ನೇ ಮರೆತಾರು. ಆಗ ಕಳ್ಳನು ಬ್ಯಾಟರಿಯನ್ನು ಹುಡುಕಿಕೊಂಡು ಬರುತ್ತಾನೆ. ಅಂದಿನ ಜಗಲಿಗಳಲ್ಲಿಯೂ ಭಾನುವಾರದ ಸಭೆ ಸೇರುವುದು. ಬೆಳಗಿನ ಜಾವ ದುಡಿಯುವ ಒಬ್ಬ ಬಡ ಹುಡುಗನು ಅಂದೂ ಇದ್ದೇ ಇರುವನು. ಆ ಸಭೆಯಲ್ಲಿ ಕುಳಿತವರು ಬಾಯಿ ತೆರೆಯುವ ಮುನ್ನ ಒಮ್ಮೆ ಎದ್ದುಹೋಗಿ ತಮ್ಮ ವಾಹನವನ್ನು ಬಗ್ಗಿ ನೋಡಿಕೊಂಡು ಬರಲಿ ಎಂಬುದೇ ಈ ಮುದುಕನ ಪ್ರಾರ್ಥನೆ.